ವಿಸ್ತೀನನ ಪೂರ್ಣ ವಿಶ್ರಾಂತಿ

ನಮ್ಮ ಬೀದಿಯಲ್ಲಿ ಯಾರಾದರೂ ಸತ್ತರೆ, ಸತ್ತವರಿಗಿಂತ ಮೊದಲು ಅದು ವಿತೊರಿನ್ ಅಜ್ಜಿಗೆ ಗೊತ್ತಾಗುತ್ತದೆ. ಡಾಕ್ಟರು ನಾಡಿ ಹಿಡಿದು ಹೇಳುವುದನ್ನು ಆಕೆ ಕಿಟಕಿಯ ಸಂದಿಯಿಂದಲೇ ಹೇಳಬಲ್ಲರು. ಎಂಬತ್ತೆರಡು ವರ್ಷಗಳಲ್ಲಿ ಆಕೆಯ ಲೆಕ್ಕ ತಪ್ಪಿದ್ದು ಒಂದೇ ಸಲ. ಇದು ಆ ಒಂದು ಸಲದ ಕಥೆ.

ಸತ್ತವನು ವಿಸ್ತೀನ್. ಹೆಸರು ವಿಸ್ತೀನ್ ಆದರೂ ಕಂಡವರಿಗೆ ಮೊದಲು ನೆನಪಾಗುವುದು ವಿಸ್ತೀರ್ಣ. ಹಗಲು ನೀರಿನ ಮೀಟರು ಕಚೇರಿಯಲ್ಲಿ ನೋಟೀಸು ಬರೆಯುತ್ತಾನೆ, ಸಂಜೆ ನಮ್ಮ ಬ್ಯಾಂಡ್ ಕ್ಲಬ್ಬಿನಲ್ಲಿ ತಾಳ ಬಾರಿಸುತ್ತಾನೆ. ತಾಳಿದವನು ಬಾಳಿಯಾನು ಎಂದು ದೊಡ್ಡವರು ಹೇಳಿದ್ದಾರೆ. ಆ ಮನೆಯಲ್ಲಿ ತಾಳ ಗಂಡನ ಪಾಲಿಗೆ, ತಾಳುವುದು ಹೆಂಡತಿ ಮಾರ್ತೀಸಳ ಪಾಲಿಗೆ ಬಂದಿತ್ತು.

ಮಾರ್ತೀಸ್ ತಾಳಿದ್ದು ಏನನ್ನು ಎಂದರೆ, ನಮ್ಮನ್ನು. ವಿಸ್ತೀನನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವ ಒಂದೇ ಚಟ ಕರೆಯುವುದು. ಎದುರಿಗೆ ಸಿಕ್ಕವರನ್ನು "ನೀವೂ ಬನ್ನಿ" ಎನ್ನದೆ ಅವನಿಗೆ ಅನ್ನ ಇಳಿಯದು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಗಂಡಹೆಂಡತಿ ಇಬ್ಬರೇ ಸಮುದ್ರಕ್ಕೆ ಹೋಗಿದ್ದೇ ಇಲ್ಲ. ಹೋದ ವರ್ಷ ಎರಡು ದಿನ ಸದ್ದಿಲ್ಲದೆ ಇದ್ದು ಬರೋಣವೆಂದು ಹೊರಟರು. ವಿಸ್ತೀನ್ ಬೀದಿಯ ತುದಿ ಮುಟ್ಟುವಷ್ಟರಲ್ಲಿ ಹನ್ನೊಂದು ಜನರನ್ನು ಕರೆದಿದ್ದ. ಹನ್ನೊಂದು ಜನರೂ ಹೋದೆವು. ವಿತೊರಿನ್ ಅಜ್ಜಿ ತಮ್ಮ ಹಳದಿ ಹಕ್ಕಿಯನ್ನು ಪಂಜರ ಸಮೇತ ತಂದಿದ್ದರು. ಅದಕ್ಕೂ ಗಾಳಿ ಬದಲಾವಣೆ ಬೇಕಿತ್ತಂತೆ.

ಆದ್ದರಿಂದ ಈ ವರ್ಷ ಮಾರ್ತೀಸ್ ಮೊದಲೇ ಗಂಡನನ್ನು ಅಡುಗೆಮನೆಯಲ್ಲಿ ಕೂರಿಸಿ ಬಾಗಿಲು ಹಾಕಿದಳು. ಅಲ್ಲಿ ನಡೆದ ಮಾತನ್ನು ಮುಂದೆ ಅವಳೇ ನನಗೆ, ಅಂದರೆ ಬೀದಿಯ ಮೇಷ್ಟ್ರಿಗೆ, ಹೇಳಿದ್ದು.

"ನೋಡಿ, ಈ ಸಲ ಸಾಂತಾ ಮರಿಯಾ ಹಬ್ಬ ಶುಕ್ರವಾರ ಬಂದಿದೆ. ಗುರುವಾರ ರಜೆ ಹಾಕಿದ್ರೆ ನಾಲ್ಕು ದಿನ. ಗೊಝೊದಲ್ಲಿ ಮನೆ ಗೊತ್ತು ಮಾಡಿದ್ದೀನಿ. ನೀವು, ನಾನು, ಮರಳು, ನೀರು. ಐದನೇದು ಯಾವುದೂ ಬರಬಾರದು."

"ಬರಲ್ಲ ಕಣೇ."

"ಯಾರಿಗೂ ಹೇಳಬಾರದು."

"ಮೇಷ್ಟ್ರಿಗೆ?"

"ಮೇಷ್ಟ್ರು ಯಾರೂ ಅಲ್ವಾ? ಒಬ್ರೇ ಒಬ್ರಿಗೆ ಗೊತ್ತಾಗಿ, ಈ ಬೀದಿಯ ಒಂದು ಮುಖ ನನಗೆ ಅಲ್ಲಿ ಕಂಡ್ರೂ ಸಾಕು, ನಾನು ಅಕ್ಕನ ಹತ್ರ ಮೆಲ್ಬರ್ನ್‌ಗೆ ಹೋಗಿಬಿಡ್ತೀನಿ. ಹೆದರಿಸ್ತಾ ಇಲ್ಲ. ಟಿಕೆಟ್ ಬೀರುವಿನಲ್ಲಿದೆ. ಹೋಗೋದಕ್ಕೆ ಮಾತ್ರ ಇದೆ, ಬರೋದಕ್ಕಿಲ್ಲ."

ಮಾರ್ತೀಸ್ ಹುಟ್ಟಿದ್ದು ಗೊಝೊದಲ್ಲೇ, ನಮ್ಮ ಮಾಲ್ಟಾದಿಂದ ದೋಣಿಯಲ್ಲಿ ದಾಟುವ ಪಕ್ಕದ ಪುಟ್ಟ ದ್ವೀಪದಲ್ಲಿ. ಅವಳ ಕಡೆಯವರೆಲ್ಲ ಎಂದೋ ಆಸ್ಟ್ರೇಲಿಯಾ ಸೇರಿದ್ದರು. ಈಗ ಆ ದ್ವೀಪದಲ್ಲಿ ಅವಳ ನೆಂಟರೆಂದರೆ ಸಮಾಧಿಯೊಳಗೆ ಇದ್ದವರು ಮಾತ್ರ, ಅವರು ಹೇಳದೆ ಕೇಳದೆ ಬಂದು ಕೂರುವವರಲ್ಲ. ಹಾಗೆಂದೇ ಆ ಜಾಗವನ್ನು ಆರಿಸಿದ್ದಳು.

ವಿಸ್ತೀನ್ ಬೀರುವಿನ ಬಾಗಿಲು ತೆಗೆದು ಟಿಕೆಟ್ ನೋಡಿದ. ಬೆವರಿದ. ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದ. ಆ ಮೂರು ವಾರ ಅವನು ನಮ್ಮ ಯಾರನ್ನೂ ಯಾವುದಕ್ಕೂ ಕರೆಯಲಿಲ್ಲ. "ಬಣ್ಣ ಸರಿಯಿಲ್ಲ ಅವನದು. ಕರೆಯೋದು ನಿಲ್ಲಿಸಿದ ಅಂದ್ರೆ ಕರೆ ಬಂದಿದೆ ಅಂತ ಅರ್ಥ" ಎಂದು ವಿತೊರಿನ್ ಅಜ್ಜಿ ಆಕಾಶ ತೋರಿಸಿದಾಗ ನಾವು ನಕ್ಕಿದ್ದೆವು.

ಹೊರಡುವ ದಿನ ವಿಸ್ತೀನ್ ಮೂರು ಕೆಲಸ ಮಾಡಿದ. ಮೂರೂ ಅತ್ಯಂತ ಬುದ್ಧಿವಂತಿಕೆಯ ಕೆಲಸಗಳು. ಅದೇ ತೊಂದರೆಯಾಯಿತು.

ಮೊದಲನೆಯದು, ಕಳ್ಳರ ಭಯಕ್ಕೆ ಮುಂಬಾಗಿಲ ಹಿತ್ತಾಳೆಯ ಡಾಲ್ಫಿನ್‌ಗಳನ್ನು ಬಿಚ್ಚಿ ಒಳಗಿಟ್ಟ. ಬಾಗಿಲು ತಟ್ಟಲು ಹಾಕಿದ ಆ ಜೋಡಿ ಡಾಲ್ಫಿನ್‌ಗಳು ಅವನ ತಾತನ ಕಾಲದವು, ದಿನಾ ಬೆಳಗ್ಗೆ ನಿಂಬೆರಸ ಹಾಕಿ ತಿಕ್ಕುತ್ತಿದ್ದ. ಆದರೆ ನಮ್ಮಲ್ಲಿ ಬಾಗಿಲು ತಟ್ಟುವ ಹಿಡಿಯನ್ನು ಬಿಚ್ಚುವುದು ಒಂದೇ ಸಂದರ್ಭಕ್ಕೆ: ಮನೆಯಲ್ಲಿ ಸಾವಾದಾಗ. ಇಂದಿನವರು ಮರೆತಿದ್ದಾರೆ, ವಿತೊರಿನ್ ಅಜ್ಜಿ ಮರೆತಿರಲಿಲ್ಲ.

ಎರಡನೆಯದು, ಬೆಳಗಿನ ಐದಕ್ಕೆ ಕಾರು ಹತ್ತಿ, ಯಾರ ಕಣ್ಣಿಗೂ ಬೀಳಬಾರದೆಂದು ಸೀಟನ್ನು ಹಿಂದಕ್ಕೆ ಮಲಗಿಸಿ, ಮುಖದವರೆಗೆ ಬಿಳಿ ದುಪ್ಪಟಿ ಎಳೆದುಕೊಂಡ. ಕಾರು ಓಡಿಸಿದವಳು ಮಾರ್ತೀಸ್.

ಮೂರನೆಯದು, ಬ್ರೆಡ್ ವ್ಯಾನಿನ ಚಿಕ್ಕುವಿಗೆ ಬಾಗಿಲ ಮೇಲೆ ಚೀಟಿ ಅಂಟಿಸಿದ್ದ. ಚಿಕ್ಕು ಎಂಬುದು ಅವನ ಹೆಸರು, ಸ್ವಭಾವವೂ ಅದೇ ಹಣ್ಣಿನದು, ಮುಟ್ಟಿದರೆ ಮೆತ್ತಗೆ ಒಡೆಯುತ್ತಾನೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ. ಆದರೆ ಮೂವತ್ತು ವರ್ಷ ನೋಟೀಸು ಬರೆದ ಕೈ ಅದು, 'ನಾನು' ಎಂದು ಬರೆಯಲು ಬರದು. ಎಲ್ಲಿಗೆ ಹೋದರೆಂದು ಬರೆದರೆ ಹೆಂಡತಿ ಮೆಲ್ಬರ್ನ್ ಪಾಲು. ಯಾವಾಗ ಬರುತ್ತಾರೆಂದು ಬರೆದರೆ ಮನೆ ಕಳ್ಳರ ಪಾಲು. ಹೀಗಾಗಿ ಎಲ್ಲವನ್ನೂ ಅಳೆದು ತೂಗಿ, ಕಚೇರಿಯ ಅಭ್ಯಾಸದಂತೆ ಸುತ್ತ ಕಪ್ಪು ಗೆರೆ ಎಳೆದು, ಹೀಗೆ ಬರೆದಿದ್ದ:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಮನೆಯ ಯಜಮಾನರಾದ ವಿಸ್ತೀನ್ ಅವರು ಇಂದು ಬೆಳಗಿನ ಜಾವ ಆಚೆ ದಡವನ್ನು ಸೇರಿರುತ್ತಾರೆ. ಅವರಿಗೆ ಈಗ ಪೂರ್ಣ ವಿಶ್ರಾಂತಿ. ಇನ್ನು ಬ್ರೆಡ್ಡಿನ ಅಗತ್ಯವಿರುವುದಿಲ್ಲ. ಹಾರ್ನ್ ಬಾರಿಸಿ ಈ ಮನೆಯ ಶಾಂತಿಗೆ ಭಂಗ ತರಬಾರದಾಗಿ ಕೋರಿದೆ."

ಏಳು ಗಂಟೆಗೆ ಚಿಕ್ಕು ಬಂದ. ಓದಿದ. ಬಗಲಲ್ಲಿದ್ದ ಎರಡು ಬ್ರೆಡ್ ಕೆಳಗೆ ಬಿದ್ದವು. "ನಿನ್ನೆ ತಾನೇ 'ಸುಟ್ಟದ್ದು ಕೊಟ್ಟಿದ್ದೀಯ' ಅಂತ ಬೈದಿದ್ದ! ಅದೇ ಕೊನೇ ಮಾತಾಯ್ತಲ್ಲಪ್ಪಾ!" ಎಂದು ನಡುಬೀದಿಯಲ್ಲಿ ಅತ್ತ.

ವಿತೊರಿನ್ ಅಜ್ಜಿಯ ಕಿಟಕಿ ಪೂರ್ತಿ ತೆರೆಯಿತು. ಎಂಟು ವರ್ಷದಲ್ಲಿ ಅದು ಪೂರ್ತಿ ತೆರೆದದ್ದು ಅಂದೇ.

"ನಾನು ಬೆಳಗ್ಗೆನೇ ನೋಡ್ದೆ ಮಗಾ! ಐದು ಗಂಟೆಗೆ! ಕಾರಲ್ಲಿ ಮಲಗಿಸಿದ್ರು, ಬಿಳಿ ಬಟ್ಟೆ ಹೊದಿಸಿದ್ರು, ಕದಲ್ತಾ ಇರಲಿಲ್ಲ. ಬಾಗಿಲ ಡಾಲ್ಫಿನ್ ಬಿಚ್ಚಿರೋದು ಕಾಣಿಸ್ತಿಲ್ವಾ ನಿಮಗೆ? ಕಣ್ಣು ಕಿತ್ತ ಮುಖದ ಹಾಗೆ ಕಾಣ್ತಿದೆ ಬಾಗಿಲು!"

ನಾನು ವಿದ್ಯಾವಂತ. ಬೀದಿಯಲ್ಲಿ ಕಾಲೇಜು ಓದಿದವನು ನಾನೊಬ್ಬನೇ. ಹಾಗಾಗಿ ಸುಮ್ಮನೆ ನಂಬದೆ ಪರೀಕ್ಷೆ ಮಾಡಿದೆ. ಫೋನ್ ಮಾಡಿದೆ, ಸ್ವಿಚ್ ಆಫ್. ಕರೆಯುವವನ ಫೋನೇ ಕರೆ ಸ್ವೀಕರಿಸುತ್ತಿಲ್ಲ! ವಿದ್ಯೆಯ ಸಹಾಯದಿಂದ ನಾನು ಬಂದ ತೀರ್ಮಾನವೂ ವಿತೊರಿನ್ ಅಜ್ಜಿಯದೇ ಆಗಿತ್ತು.

ಅಷ್ಟರಲ್ಲಿ ನಮ್ಮ ಪಾದ್ರಿಗಳು ಬಂದರು. ಅವರ ಹೆಸರು ದುನ್ ಸಾವ್. ಸಾವಿನ ಮನೆಗೆ ಸಾವ್ ಬರುವುದು ಎಂದೂ ತಡವಾಗಿಲ್ಲ.

"ನನಗೇ ಹೇಳಿಲ್ಲ?" ಎಂದರು ದುನ್ ಸಾವ್. ದುಃಖಕ್ಕಿಂತ ಅವಮಾನ ಹೆಚ್ಚಾಗಿತ್ತು. "ಸಾಯೋರಿಗೆ ಕೊನೇ ತೈಲ ಹಚ್ಚೋಕೆ ನಾನಿಲ್ವಾ? ಹೆಣ ಎಲ್ಲಿಗೆ ತಗೊಂಡು ಹೋದ್ರು?"

ಬೀದಿ ಯೋಚಿಸಿತು. ಉತ್ತರ ಕೊಟ್ಟವನು ಬ್ಯಾಂಡ್ ಕ್ಲಬ್ಬಿನ ಕಾರ್ಯದರ್ಶಿ ಪೆಪ್ಪಿ. ಪೆಪ್ಪಿ ಮಾತಾಡುವುದೇ ಭಾಷಣದ ಹಾಗೆ, ಎದುರಿಗೆ ಮೈಕ್ ಇದ್ದಂತೆ ಕತ್ತು ಮುಂದೆ ಚಾಚುತ್ತಾನೆ.

"ಮಹನೀಯರೇ! ಮಾರ್ತೀಸ್ ಯಾವೂರಿನೋಳು? ಗೊಝೊ! ಅವಳ ಮನೆತನದ ಸಮಾಧಿ ಎಲ್ಲಿದೆ? ಗೊಝೊ! ಆಚೆ ದಡ ಅಂದ್ರೆ ಯಾವ ದಡ? ಗೊಝೊ! ನಮ್ಮ ಹುಡುಗನ್ನ, ನಮ್ಮ ತಾಳದವನನ್ನ, ಗೊಝೊದವರ ಮಣ್ಣಿಗೆ ಹಾಕೋಕೆ ಹೊತ್ಕೊಂಡು ಹೋಗಿದಾಳೆ!"

ಇಲ್ಲಿಯವರೆಗೆ ಅದು ದುಃಖ. ಈ ಕ್ಷಣದಿಂದ ಅದು ಸ್ವಾಭಿಮಾನ. ಮಾಲ್ಟಾದವನೊಬ್ಬ ಗೊಝೊದಲ್ಲಿ ಮೀನು ತಿನ್ನಬಹುದು, ಈಜಬಹುದು, ಬೇಕಾದರೆ ಹೆಣ್ಣು ತರಬಹುದು. ಆದರೆ ಅಲ್ಲೇ ಶಾಶ್ವತವಾಗಿ ಮಲಗುವುದೆಂದರೆ?

"ವಾಪಸು ತರೋಣ!" ಎಂದ ಚಿಕ್ಕು, ಕಣ್ಣೊರೆಸಿಕೊಂಡು.

ಒಂದು ಗಂಟೆಯಲ್ಲಿ ಬೀದಿ ಹೊರಟಿತು. ಪೆಪ್ಪಿಯ ಬಸ್ಸು, ಅದರೊಳಗೆ ಬ್ಯಾಂಡಿನ ಐದು ಜನ, ಕಪ್ಪು ಬಟ್ಟೆಯ ಹೆಂಗಸರು, ಒಂದು ಹೂಚಕ್ರ. ಹಿಂದೆ ಚಿಕ್ಕುವಿನ ವ್ಯಾನ್. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲವೇ? ಆದ್ದರಿಂದ ವಿಧವೆಗೆಂದು ಆರು ತಟ್ಟೆ ಓವನ್ ಮಕರೋನಿ, ಚೀಸು ತುಂಬಿದ ನೂರು ಪಸ್ತಿಝಿ, ಎರಡು ಕಲ್ಲಂಗಡಿ, ಒಂದು ಪೆಟ್ಟಿಗೆ ವೈನ್. ಒಬ್ಬ ವಿಧವೆ ಇಷ್ಟನ್ನು ತಿಂದರೆ ಅವಳೂ ಆಚೆ ದಡ ಸೇರುವುದು ಖಚಿತ ಎಂದು ನಾನು ಹೇಳಿದೆ. ಯಾರೂ ನಗಲಿಲ್ಲ. ಬೀಗ ಹಾಕಿ ಎಲ್ಲರೂ ಹತ್ತಿದೆವು. ಬೀದಿಯಲ್ಲಿ ನರಪಿಳ್ಳೆ ಉಳಿಯಲಿಲ್ಲ.

ಸಾಂತಾ ಮರಿಯಾ ಹಿಂದಿನ ದಿನ ದೋಣಿಕಟ್ಟೆಯಲ್ಲಿ, ಗಾಡಿಗಳನ್ನೂ ಹೊರುವ ದೊಡ್ಡ ದೋಣಿಗೆ ಕಾಯುವ ಪಾಳಿ ಹೇಗಿರುತ್ತದೆಂದು ಕಂಡವರಿಗೇ ಗೊತ್ತು. ಇಡೀ ಮಾಲ್ಟಾ ಗೊಝೊಕ್ಕೆ ಹೊರಟಿರುತ್ತದೆ. ಪಾಳಿಯ ಬಾಲ ಗುಡ್ಡ ಹತ್ತಿ ಇಳಿದು ಮುಂದಿನ ಊರಿನ ಇಗರ್ಜಿಯ ಹತ್ತಿರ ಸುರುಳಿ ಸುತ್ತಿಕೊಂಡಿತ್ತು. ಕಾರುಗಳ ತಲೆಯ ಮೇಲೆ ಹಾಸಿಗೆ, ಫ್ರಿಜ್ಜು, ಗಾಳಿ ತುಂಬಿದ ಮೊಸಳೆ. ನಾಲ್ಕು ಗಂಟೆ ಕಾಯಬೇಕು.

ಪೆಪ್ಪಿ ಬಸ್ಸನ್ನು ನೇರ ಮುಂದಕ್ಕೆ ನುಗ್ಗಿಸಿದ. ಹಸಿರು ಜಾಕೆಟ್ಟಿನ ಅಧಿಕಾರಿ ಕೈಯೊಡ್ಡಿದ.

"ಎಲ್ಲಿಗ್ರಪ್ಪಾ ಪಾಳಿ ಬಿಟ್ಟು?"

"ಅಂತ್ಯಕ್ರಿಯೆಗೆ!"

ಅಧಿಕಾರಿ ಬಗ್ಗಿ ನೋಡಿದ. ದುನ್ ಸಾವ್, ಹೂಚಕ್ರ, ಅಳುವ ಹೆಂಗಸರು. ಟೋಪಿ ತೆಗೆದ.

"ಹೆಣ ಎಲ್ಲಿ?"

"ಮುಂದೆ ಹೋಗಿದೆ. ಬೆಳಗ್ಗೆ ಐದಕ್ಕೆ ಹೊರಡ್ತು."

"ಪುಣ್ಯವಂತ. ಆ ಹೊತ್ತಿಗೆ ಪಾಳಿ ಇರಲ್ಲ. ಹೋಗಿ."

ನಾವು ಮುಂದಾದೆವು. ಆಗ ಹಿಂದಿನ ಕಾರಿನವನೊಬ್ಬ ಕಿಟಕಿಯಿಂದ ತಲೆ ಹಾಕಿದ. ಅವನ ಕಾರಿನ ಮೇಲೆ ಆಳೆತ್ತರದ ಗುಲಾಬಿ ಬಣ್ಣದ ಗಾಳಿ ಕೊಕ್ಕರೆ ಕೂತಿತ್ತು.

"ಸಾರ್, ನಾನೂ ಅವರ ಕಡೆಯವನೇ."

"ಯಾರ ಕಡೆ?"

"ಅದೇ... ಸತ್ತೋರ ಕಡೆ."

"ಸತ್ತೋರ ಹೆಸರೇನು?"

"ಸತ್ತ ದಿನ ಹೆಸರು ಹೇಳಬಾರದು ಅಂತ ನಮ್ಮ ಮನೇಲಿ ಪದ್ಧತಿ ಸಾರ್."

"ಕೊಕ್ಕರೆ ಯಾಕೆ?"

"ತುಂಬಾ ಇಷ್ಟ ಸಾರ್ ಅವರಿಗೆ, ಕೊಕ್ಕರೆ ಅಂದ್ರೆ." ಹೇಳುತ್ತ ಕೈ ಚಾಚಿ ಕೊಕ್ಕರೆಯನ್ನು ಸವರಿದ.

ಸತ್ತವನಿಗೆ ಸಾವಿರ ನೆಂಟರು. ಕೊಕ್ಕರೆಯ ಹಿಂದಿನವನು ಸತ್ತವನ ಸೋದರಳಿಯನಾದ. ಅವನ ಹಿಂದಿನವಳು ಹಾಲು ಕುಡಿಸಿದ ದಾದಿಯಾದಳು, ಅವಳಿಗೆ ಮೂವತ್ತು ದಾಟಿರಲಿಲ್ಲ. ಹತ್ತು ನಿಮಿಷದಲ್ಲಿ ನಮ್ಮ ಬಸ್ಸಿನ ಬೆನ್ನಿಗೆ ನಲವತ್ತು ಕಾರು ಅಂಟಿಕೊಂಡವು. ಎಲ್ಲರ ಮುಖದಲ್ಲೂ ದುಃಖ, ಎಲ್ಲರ ಕಾರಿನ ಮೇಲೂ ಛತ್ರಿ.

ವಿತೊರಿನ್ ಅಜ್ಜಿ ಹಿಂದಿನ ಗಾಜಿನಲ್ಲಿ ನೋಡಿ ಕರಗಿಹೋದರು. "ಇಷ್ಟು ಜನ ಬೇಕಾದವರು ಇದ್ರಾ ಅವನಿಗೆ? ಒಂದು ದಿನ ಹೇಳಿಕೊಳ್ಳಲಿಲ್ಲ ಮಗ! ಆ ಗುಲಾಬಿ ಹಕ್ಕಿ ನೋಡಿ, ಅದೂ ಬಂದಿದೆ!"

ಗೊಝೊದ ದೋಣಿಕಟ್ಟೆಗೆ ಸುದ್ದಿ ನಮಗಿಂತ ಮೊದಲು ಮುಟ್ಟಿತ್ತು. ಕಾನ್‌ಸ್ಟೆಬಲ್ ನಾರ್ದು ಎಂಬಾತ ಮೋಟಾರ್ ಸೈಕಲ್ಲಿನ ಮೇಲೆ ಎದೆಯುಬ್ಬಿಸಿ ಕಾಯುತ್ತಿದ್ದ. ಗೊಝೊದವರ ಮಾತಿಗೆ ಬೇರೆಯೇ ಎಳೆತ.

"ನಲವತ್ತು ಗಾಡಿ ಹೆಣದ ಮೆರವಣಿಗಿ ನಮ್ಮ ದ್ವೀಪಕ್ಕ ಎಂದೂ ಬಂದಿಲ್ರಿ. ಮುಂದ ನಾ ಹೋಗ್ತೀನಿ, ಹಿಂದ ನೀವು ಬರ್ರಿ. ನಡುವ ಯಾರೂ ತಪ್ಪಿಸ್ಕೋಬಾರದು. ತಪ್ಪಿಸ್ಕೊಂಡ್ರ ನಂಗ ಅವಮಾನ."

ಕೊಕ್ಕರೆಯವನು ಮೊದಲ ತಿರುವಿನಲ್ಲೇ ಮೆಲ್ಲನೆ ಜಾರಲು ನೋಡಿದ. ನಾರ್ದು ಹಿಂತಿರುಗಿ ಬಂದು ಭುಜ ತಟ್ಟಿದ. "ದುಃಖದಾಗ ದಾರಿ ತಪ್ಪೂದು ಸಹಜರಿ. ಈ ಕಡಿ ಬರ್ರಿ." ಹೀಗೆ ನಲವತ್ತು ಸಂಸಾರಗಳು ಈಜುಡುಗೆಯಲ್ಲಿ ಸ್ಮಶಾನದ ದಾರಿ ಹಿಡಿದವು.

ಸ್ಮಶಾನ ಗುಡ್ಡದ ಮೇಲಿತ್ತು. ಕಾವಲುಗಾರ ಮುದುಕ ಗೇಟಿನ ನೆರಳಿನಲ್ಲಿ ಕೂತು ಸೌತೆಕಾಯಿ ಕಡಿಯುತ್ತಿದ್ದ.

"ಇವತ್ತ ಯಾರೂ ಬಂದಿಲ್ರಿ."

"ದಪ್ಪ ಮನುಷ್ಯ! ಮಾಲ್ಟಾದವನು!" ಎಂದು ಪೆಪ್ಪಿ ಕೈಗಳನ್ನು ಸಾಧ್ಯವಾದಷ್ಟು ಅಗಲಿಸಿದ. ಸಾಲದೆ ಇನ್ನೊಬ್ಬನ ಕೈಯನ್ನೂ ಸೇರಿಸಿಕೊಂಡ.

ಮುದುಕ ಅಳತೆ ನೋಡಿದ. "ಇಷ್ಟು ದೊಡ್ಡಾಂವ? ಹಂಗ ಹೇಳ್ರಿ ಮತ್ತ. ಅಂವನ್ನ ಇಲ್ಲಿ ಹೂಳಿಲ್ಲ. ಕೆಳಗ ದಂಡಿ ಮ್ಯಾಲ ಹೂತಾರ."

"ಏನು?"

"ಹೂಂ. ಕೆಂಪು ಮರಳಿನ್ಯಾಗ. ನಾ ಕಣ್ಣಾರ ಕಂಡೀನಿ, ಈಗ ತಾಸಿನ ಹಿಂದ. ಹೆಂಡ್ತಿನೇ ಸಲಿಕಿ ತಗೊಂಡು ಮಣ್ಣು ಎಳೀತಿದ್ಲು. ಅಳೂದಿಲ್ಲ, ಕರಿಯೂದಿಲ್ಲ. ಹಾಡ್ಕೋತ ಎಳೀತಿದ್ಲು."

ವಿತೊರಿನ್ ಅಜ್ಜಿ ಗೇಟು ಹಿಡಿದು ಕುಸಿದರು. ದುನ್ ಸಾವ್ ಶಿಲುಬೆಯ ಗುರುತು ಹಾಕಿಕೊಂಡರು. ನಾರ್ದು ಜೇಬಿನಿಂದ ಪುಸ್ತಕ ತೆಗೆದು ಪೆನ್ಸಿಲ್ ನೆಕ್ಕಿದ.

"ಸಾರ್ವಜನಿಕ ದಂಡಿ ಮ್ಯಾಲ ಪರವಾನಗಿ ಇಲ್ದ ಹೆಣ ಹೂಳೂದು. ಅದೂ ಹಬ್ಬದ ಹಿಂದಿನ ದಿನ. ನಡೀರಿ!"

ನಡೆದಿದ್ದು ಇಷ್ಟೇ. ವಿಸ್ತೀನನಿಗೆ ಸೊಂಟನೋವು. ಬಿಸಿ ಮರಳಲ್ಲಿ ಹೂತುಕೊಂಡರೆ ಹೋಗುತ್ತದೆಂದು ಎಲ್ಲೋ ಓದಿದ್ದ. ಮಾರ್ತೀಸ್ ಸಂತೋಷದಿಂದ ಒಪ್ಪಿ ಕುತ್ತಿಗೆಯವರೆಗೆ ಹೂತಿದ್ದಳು. ದಂಡೆಗೆ ಬಂದು ಅರ್ಧ ಗಂಟೆಯೊಳಗೆ ಅವನು ಮೂರು ಛತ್ರಿಗಳ ಕಡೆ ಕೈಬೀಸಿದ್ದನಂತೆ. ಕೈ ಒಳಗಿದ್ದರೆ ಯಾರನ್ನೂ ಕರೆಯಲಾರ ಎಂಬುದು ಅವಳ ಲೆಕ್ಕ. ಮುಖಕ್ಕೆ ಹುಲ್ಲಿನ ಹ್ಯಾಟ್ ಮುಚ್ಚಿ, ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅದು ಅವಳ ಮೊದಲನೆಯ ಶಾಂತ ತಾಸು. ಎಂಟನೇ ಪುಟದಲ್ಲಿದ್ದಳು.

ಆಗ ದಿಬ್ಬದ ಮೇಲಿಂದ ಶೋಕದ ಬ್ಯಾಂಡು ಕೇಳಿಸಿತು.

ಮಾರ್ತೀಸ್ ತಲೆಯೆತ್ತಿದಳು. ಈಜುತ್ತಿದ್ದವರು ನೀರಿನಲ್ಲೇ ನಿಂತರು. ಮುಂದೆ ಕಾನ್‌ಸ್ಟೆಬಲ್, ಹಿಂದೆ ದುನ್ ಸಾವ್, ಅವರ ಹಿಂದೆ ಟ್ರಂಪೆಟ್ಟು, ಕಪ್ಪು ಬಟ್ಟೆಯ ಹೆಂಗಸರು, ಮಕರೋನಿಯ ತಟ್ಟೆ ಹೊತ್ತ ಚಿಕ್ಕು, ಕೊನೆಯಲ್ಲಿ ಗುಲಾಬಿ ಕೊಕ್ಕರೆ. ಅವಳು ಪುಸ್ತಕ ಮುಚ್ಚಿದಳು. ಗುರುತಿಗೆ ಪುಟವನ್ನೂ ಮಡಿಸಲಿಲ್ಲ.

ಬಾಯಿ ತೆರೆಯುವಷ್ಟರಲ್ಲಿ ಹೆಂಗಸರು ಅವಳನ್ನು ತಬ್ಬಿ ಅವಳ ಮುಖವನ್ನು ತಮ್ಮ ಎದೆಗೊತ್ತಿಕೊಂಡರು. ಅವಳು "ಇಲ್ಲ, ಇಲ್ಲ" ಎಂದಳು. "ಹೌದು, ಯಾರಿಗೂ ಮೊದಲು ನಂಬಿಕೆ ಬರಲ್ಲ" ಎಂದು ಅವರು ಇನ್ನೂ ಬಿಗಿಯಾಗಿ ಒತ್ತಿಕೊಂಡರು.

ಇತ್ತ ವಿತೊರಿನ್ ಅಜ್ಜಿ ಮರಳ ಗುಡ್ಡೆಯ ಮೇಲೆ ಬಿದ್ದರು.

"ಅಯ್ಯೋ ನನ್ನ ಚಿನ್ನಾ! ಮರಳಿ ಬಾರೋ! ಮರಳಿನಿಂದ ಮರಳಿ ಬಾರೋ! ನಿನ್ನಂಥ ಕೈ ಯಾರದಿತ್ತು! ನನ್ನ ಗ್ಯಾಸ್ ಸಿಲಿಂಡರ್ ಎಷ್ಟು ಸಲ ಹೊತ್ತು ತಂದೆ!"

ವಿಸ್ತೀನನಿಗೆ ಎಚ್ಚರವಾಗಿತ್ತು. ಈ ವಿಷಯದಲ್ಲಿ ಇತಿಹಾಸ ಸ್ಪಷ್ಟವಾಗಿದೆ, ಅವನೇ ಮುಂದೆ ಒಪ್ಪಿಕೊಂಡಿದ್ದಾನೆ. ಮೊದಲು ಹೆದರಿದನಂತೆ. ಆಮೇಲೆ ಹ್ಯಾಟಿನ ಕತ್ತಲಲ್ಲಿ ಒಂದೊಂದೇ ಹೊಗಳಿಕೆ ಕಿವಿಗೆ ಬಿದ್ದಾಗ, ಇನ್ನೊಂದೇ ಒಂದು ಕೇಳಿಬಿಡೋಣ ಅನ್ನಿಸಿತಂತೆ. ಮನುಷ್ಯ ಬದುಕಿದ್ದಾಗ ಇಂಥದ್ದು ಸಿಗುವುದೆಲ್ಲಿ?

ಚಿಕ್ಕು ಹೇಳಿದ: "ಸುಟ್ಟಿದ್ದು ಕೊಟ್ಟಿದ್ದು ನಿಜ ವಿಸ್ತೀನ್ ಅಣ್ಣಾ. ಬೇಕಂತಲೇ ಕೊಟ್ಟೆ. ಕ್ಷಮಿಸು."

ದುನ್ ಸಾವ್ ಹೇಳಿದರು: "ದೇವರ ಮನೆಯಲ್ಲಿ ಕೊನೇ ಬೆಂಚಿನಲ್ಲಿ ಕೂತು ನಿದ್ದೆ ಮಾಡ್ತಿದ್ದ. ಆದರೂ ಗೊರಕೆ ಹೊಡೆಯದೆ ನನ್ನ ಮರ್ಯಾದೆ ಉಳಿಸಿದ ಸಜ್ಜನ."

ನಾನೂ ನಾಲ್ಕು ಮಾತು ಹೇಳಿದೆ. ಚೆನ್ನಾಗಿದ್ದವು. ಹ್ಯಾಟು ಒಂದು ಸಲ ಅಲುಗಿದ್ದನ್ನು ಗಾಳಿ ಎಂದುಕೊಂಡೆ.

ಕೊನೆಗೆ ಪೆಪ್ಪಿ ಕತ್ತು ಚಾಚಿದ. "ಮಹನೀಯರೇ! ತುಂಬಲಾರದ ನಷ್ಟ! ಆದ್ದರಿಂದ ಅದನ್ನು ತಕ್ಷಣ ತುಂಬಬೇಕಾಗಿದೆ. ಅಗಲಿದ ಚೇತನದ ತಾಳಗಳನ್ನು ಇಂದಿನಿಂದ ನನ್ನ ಭಾವಮೈದುನನಿಗೆ..."

"ಮುಟ್ಟಿದ್ರೆ ಕೈ ಮುರೀತೀನಿ!" ಎಂದಿತು ಹ್ಯಾಟು.

ಆ ನಂತರ ಒಂದು ನಿಮಿಷ ಏನು ನಡೆಯಿತೆಂದು ಹೇಳುವುದು ಕಷ್ಟ, ಏಕೆಂದರೆ ನೋಡಲು ಯಾರೂ ಉಳಿದಿರಲಿಲ್ಲ. ಟ್ರಂಪೆಟ್ಟಿನವನು ಟ್ರಂಪೆಟ್ ಸಮೇತ ನೀರಿಗೆ ಬಿದ್ದ. ನಾನು ಓಡಲಿಲ್ಲ, ವೇಗವಾಗಿ ನಡೆದೆ. ಜಾಗ ಬಿಟ್ಟು ಕದಲದವರು ವಿತೊರಿನ್ ಅಜ್ಜಿ ಒಬ್ಬರೇ. ಛತ್ರಿ ತಿರುಗಿಸಿ ಹ್ಯಾಟಿನ ಮೇಲೆ ಎರಡು ಬಾರಿಸಿದರು. "ಸತ್ತು ಸುಮ್ಮನಿರೋಕೂ ಬರಲ್ವಾ ನಿನಗೆ?"

ಮರಳು ಕೊಡವಿ ಮರಳಿ ಬಂದ ವಿಸ್ತೀನ್ ಕೆಂಪಗೆ, ಹಬೆಯಾಡುತ್ತ, ಈಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡಿನಂತೆ ನಿಂತ. ದುನ್ ಸಾವ್ ಆಕಾಶ ನೋಡಿದರು. "ಮೂವತ್ತು ವರ್ಷದ ಸೇವೆಯಲ್ಲಿ ನನ್ನ ಪ್ರಾರ್ಥನೆ ಫಲಿಸಿದ್ದು ಇದೇ ಮೊದಲು" ಎಂದು ಪಿಸುಗುಟ್ಟಿದರು.

ಆದರೆ ಕಾನೂನಿಗೆ ಕರುಣೆಯಿಲ್ಲ. ನಾರ್ದು ಪುಸ್ತಕದ ಹೊಸ ಹಾಳೆ ತೆರೆದ.

"ಸತ್ತಾಂವ ಇಲ್ಲಂದ್ರ ಅಂತ್ಯಕ್ರಿಯೆ ಇಲ್ಲ. ಅಂತ್ಯಕ್ರಿಯೆ ಇಲ್ಲಂದ್ರ ಪಾಳಿ ತಪ್ಪಿಸಿದ್ದು ಅಪರಾಧ. ನಲವತ್ತೂ ಗಾಡಿ ದೋಣಿ ಹತ್ತಿ ವಾಪಸ್ ಹೋಗಿ, ಆ ಕಡಿ ಪಾಳಿ ಬಾಲಕ್ಕ ನಿಂದ್ರಬೇಕು."

ಕೊಕ್ಕರೆಯವನು ವಿಸ್ತೀನನ ಕಾಲು ಹಿಡಿದ. "ಚಿಕ್ಕಪ್ಪಾ! ಅರ್ಧ ಗಂಟೆ ಮಲಕ್ಕೊಳ್ಳಿ ಚಿಕ್ಕಪ್ಪಾ!" ಹಾಲು ಕುಡಿಸಿದ ದಾದಿ, "ಮಕ್ಕಳು ಆಗಲೇ ನೀರಿಗಿಳಿದಾವೆ, ಸ್ವಲ್ಪ ಸಾಯಿ ಕಂದಾ" ಎಂದಳು.

ವಿಸ್ತೀನನ ಚಟ ಗೊತ್ತೇ ಇದೆಯಲ್ಲ. ಮೂರು ವಾರ ಕಟ್ಟಿಟ್ಟ ಕಟ್ಟೆ ಅಲ್ಲೇ ಒಡೆಯಿತು. ಎರಡೂ ಕೈ ಅಗಲಿಸಿ, "ಅಯ್ಯೋ ಯಾಕೆ ಜಗಳ? ಎಲ್ಲ ನಮ್ಮವರೇ! ಕೂತ್ಕೊಳ್ಳಿ! ಕಾನ್‌ಸ್ಟೆಬಲ್ರೇ, ನೀವೂ ಬನ್ನಿ!" ಎಂದ.

ಚಿಕ್ಕು ಮಕರೋನಿಯ ಮೇಲಿನ ಬಟ್ಟೆ ತೆಗೆದ. ನಾರ್ದು ಮೂಗು ಅಗಲಿಸಿದ. ಮೊದಲು ಪೆನ್ಸಿಲ್ ಒಳಗೆ ಹೋಯಿತು, ಆಮೇಲೆ ಪುಸ್ತಕ. "ಸೋಮವಾರ ನೋಡೂಣಂತ" ಎಂದು ಟೋಪಿ ಕಳಚಿ ಕೂತ.

ಜನ ಮರುಳೋ ಜಾತ್ರೆ ಮರುಳೋ ಎನ್ನುತ್ತಾರಲ್ಲ, ಅಂದು ಮರಳೇ ಮರುಳಾಗಿತ್ತು. ಕಪ್ಪು ಬಟ್ಟೆಗಳು ಮೊಣಕಾಲಿಗೆ ಏರಿದವು. ಶೋಕದ ಬ್ಯಾಂಡು ಮದುವೆಯ ಹಾಡಿಗೆ ತಿರುಗಿತು. ದುನ್ ಸಾವ್ ಕಾಲುಚೀಲ ಬಿಚ್ಚಿದರು. ಹೂಚಕ್ರವನ್ನು ನೀರಿಗೆ ಬಿಟ್ಟು ಮಕ್ಕಳು ಅದರೊಳಗೆ ತೂರಿ ಈಜಿದರು. ವಿತೊರಿನ್ ಅಜ್ಜಿ ಗುಲಾಬಿ ಕೊಕ್ಕರೆಯ ಮೇಲೆ ಕೂತು, ಛತ್ರಿಯನ್ನು ಹುಟ್ಟಿನಂತೆ ಹಾಕುತ್ತ, ನಮ್ಮೆದುರಿಗೆ ಮೂರು ಸುತ್ತು ಹೊಡೆದರು.

ಈ ಗದ್ದಲದ ನಡುವೆ ಮಾರ್ತೀಸ್ ಎದ್ದಳು. ಟವೆಲ್ ಮಡಿಸಿದಳು. ಪುಸ್ತಕ ಚೀಲಕ್ಕೆ ಹಾಕಿದಳು. "ನೀರು ತರ್ತೀನಿ" ಎಂದು ದಿಬ್ಬ ಹತ್ತಿದಳು. ನೀರು ನಮ್ಮ ಹತ್ತಿರ ಬೇಕಾದಷ್ಟಿತ್ತು. ಯಾರೂ ಗಮನಿಸಲಿಲ್ಲ.

ಎರಡನೇ ತಟ್ಟೆ ಮಕರೋನಿ ಮುಗಿದು, ಕಲ್ಲಂಗಡಿ ಒಡೆದು, ಸೂರ್ಯ ನೀರಿಗೆ ಇಳಿಯುವ ಹೊತ್ತಿಗೆ ವಿಸ್ತೀನ್ ಸುತ್ತ ನೋಡಿದ. "ಮಾರ್ತೀಸ್ ಎಲ್ಲಿ?"

ದಿಬ್ಬದ ಮೇಲೆ ಓಡಿದ. ನಾನೂ ಹಿಂದೆ ಓಡಿದೆ. ಅವರ ಕಾರು ನಿಂತಿದ್ದ ಜಾಗದಲ್ಲಿ ಎಣ್ಣೆಯ ಎರಡು ಹನಿ ಮಾತ್ರ ಇದ್ದವು.

"ಮೆಲ್ಬರ್ನ್" ಎಂದ ವಿಸ್ತೀನ್. ಅಷ್ಟು ದೊಡ್ಡ ಮನುಷ್ಯ ಇದ್ದಕ್ಕಿದ್ದಂತೆ ಅರ್ಧವಾದ. ಆ ಬೀರು, ಆ ಟಿಕೆಟ್, ಆ ಮಾತು ಎಲ್ಲ ನನಗೆ ಹೇಳಿ, ಕಲ್ಲಿನ ಮೇಲೆ ಕೂತು ಬೆಳಗ್ಗಿನಿಂದ ಆಫ್ ಮಾಡಿದ್ದ ಫೋನನ್ನು ಹೊರಗೆ ತೆಗೆದ. ಅದನ್ನು ನನ್ನ ಕೈಗಿತ್ತ. ನಾನೇ ಒತ್ತಿ ಜೋರಾಗಿ ಕೇಳುವಂತೆ ಇಟ್ಟೆ. ಅಷ್ಟರಲ್ಲಿ ಇಡೀ ಬೀದಿ ನಮ್ಮ ಬೆನ್ನ ಹಿಂದೆ ಬಂದು ನಿಂತಿತ್ತು. ಯಾರೂ ಕರೆದಿರಲಿಲ್ಲ.

ಆರು ಸಲ ರಿಂಗಾದ ಮೇಲೆ ಎತ್ತಿದಳು.

"ಮಾರ್ತೀಸ್! ವಿಮಾನ ನಿಲ್ದಾಣದಲ್ಲಿದ್ದೀಯಾ?"

"ಮನೇಲಿದ್ದೀನಿ."

"ಮನೇಲಾ? ಯಾವ ಮನೇಲಿ?"

"ನಮ್ಮನೇಲಿ. ಈ ಕಡೆಗೆ ಬರೋ ದೋಣೀಲಿ ನಾನೊಬ್ಬಳೇ ಇದ್ದೆ. ಕ್ಯಾಪ್ಟನ್ ಟೀ ಕೊಟ್ಟ."

"ಟಿಕೆಟ್ ತಗೊಳ್ಳೋಕೆ ಬಂದೆಯಾ?"

"ಹೌದು, ಅದಕ್ಕೇ ಬಂದೆ. ಬಾಗಿಲು ತೆಗೆದು ಒಳಗೆ ಬಂದು ಬೀರುವಿಗೆ ಕೈ ಹಾಕಿದೆ. ಆಮೇಲೆ... ತಾಳಿ. ನೀವೇ ಕೇಳಿ."

ಹೆಜ್ಜೆಯ ಸದ್ದು. ಕಿಟಕಿ ತೆರೆದ ಸದ್ದು. ಅವಳು ಫೋನನ್ನು ಹೊರಗೆ ಚಾಚಿರಬೇಕು.

ನಾವು ಕಿವಿಗೊಟ್ಟೆವು. ಚಿಕ್ಕುವಿನ ಹಾರ್ನ್ ಇಲ್ಲ. ಪೆಪ್ಪಿಯ ಭಾಷಣವಿಲ್ಲ. ಟ್ರಂಪೆಟ್ಟಿನವನ ಅಭ್ಯಾಸವಿಲ್ಲ. ವಿತೊರಿನ್ ಅಜ್ಜಿಯ ರೇಡಿಯೋ ಇಲ್ಲ. ನಾನು ರಾತ್ರಿ ಊಟಕ್ಕೆ ಮುಂಚೆ ಮಕ್ಕಳಿಗೆ ಮಗ್ಗಿ ಹೇಳಿಸುವ ಗದ್ದಲವಿಲ್ಲ. ಎಲ್ಲೋ ದೂರದಲ್ಲಿ ಒಂದು ಎಲೆ ಅಲುಗಿದ್ದು ಕೇಳಿಸಿತು. ನಮ್ಮ ಬೀದಿಯಲ್ಲಿ ಮರವಿದೆಯೆಂದು ನನಗೆ ಅಂದು ಗೊತ್ತಾಯಿತು. ನಲವತ್ತು ವರ್ಷದಿಂದ ಇದ್ದ ಬೀದಿಯನ್ನು ನಾವು ಉಸಿರು ಹಿಡಿದು, ಸಮುದ್ರದ ಆಚೆ ನಿಂತು, ಮೊದಲ ಸಲ ಕೇಳಿದೆವು.

"ಎಷ್ಟು ಚೆನ್ನಾಗಿದೆ! ಯಾವೂರಿದು?" ಎಂದರು ವಿತೊರಿನ್ ಅಜ್ಜಿ.

ಮಾರ್ತೀಸಳ ದನಿ ಮತ್ತೆ ಬಂತು. "ಕೇಳಿಸ್ತಾ? ಭಾನುವಾರ ರಾತ್ರಿವರೆಗೆ ನನಗೆ ಇದು ಬೇಕು. ಮೆಲ್ಬರ್ನ್‌ಗೆ ಹೋಗಲ್ಲ. ಆದರೆ ಒಂದು ಮಾತು. ಅಷ್ಟರೊಳಗೆ ಅವರಲ್ಲಿ ಒಬ್ಬರು ಈ ಬೀದಿಗೆ ಕಾಲಿಟ್ರೂ, ಟಿಕೆಟ್ ಇನ್ನೂ ಕೈಯಲ್ಲೇ ಇದೆ." ಫೋನ್ ಇಟ್ಟಳು.

ವಿತೊರಿನ್ ಅಜ್ಜಿ ಲಂಗ ಕೊಡವಿ ಮುಂದೆ ಬಂದರು. "ಪಾಪ, ಒಬ್ಬಳೇ ಇದ್ದಾಳೆ ಹುಡುಗಿ. ಕೊನೇ ದೋಣಿ ಸಿಗತ್ತೆ. ನಾನು ಹೋಗಿ ಜೊತೆಗಿರ್ತೀನಿ."

ವಿಸ್ತೀನ್ ಹಾರಿ ಅವರ ಕೈ ಹಿಡಿದ. ಆ ಮೈ ಅಷ್ಟು ವೇಗವಾಗಿ ಚಲಿಸಿದ್ದನ್ನು ನಾನು ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ. "ಅಜ್ಜೀ, ಹೋಗಬೇಡಿ! ನೀವಿಲ್ಲದಿದ್ರೆ ನಮಗೇನು ಮಜಾ? ನಾಳೆ ನಿಮಗೇ ಅಂತ ಆಕ್ಟೋಪಸ್ ಸಾರು ಮಾಡಿಸ್ತೀನಿ. ಪೆಪ್ಪಿ, ಭಾಷಣ ಮಾಡೋ, ಎಷ್ಟು ಹೊತ್ತಾದ್ರೂ ಮಾಡು! ಚಿಕ್ಕು, ಸುಟ್ಟ ಬ್ರೆಡ್ ಇದ್ರೂ ಕೊಡೋ, ತಿಂತೀನಿ!"

ಆ ಮೂರು ದಿನ ವಿಸ್ತೀನ್ ಕಣ್ಣು ಮುಚ್ಚಲಿಲ್ಲ. ಗೊತ್ತು ಮಾಡಿದ್ದ ಮನೆಯ ಹಾಸಿಗೆಯನ್ನು ಮುದುಕಿಯರಿಗೆ ಬಿಟ್ಟುಕೊಟ್ಟ. ಬೆಳಗ್ಗೆ ಎಲ್ಲರಿಗೂ ಕಾಫಿ ಕಾಸಿದ, ಮಧ್ಯಾಹ್ನ ಮೀನು ಸುಟ್ಟ, ಸಂಜೆ ತಾನೇ ಹಾಡಿ ಕುಣಿದ. ಯಾರಾದರೂ ಚೀಲದ ಕಡೆ ನೋಡಿದರೆ ಸಾಕು, ತಟ್ಟೆ ಹಿಡಿದು ಓಡಿ ಬರುತ್ತಿದ್ದ. ದೋಣಿಕಟ್ಟೆಯ ದಾರಿ ಕೇಳಿದ ಕೊಕ್ಕರೆಯವನನ್ನು ಎರಡು ಸಲ ಊಟಕ್ಕೆ ಎಳೆದು ತಂದ, ಅವನು ನಮ್ಮ ಬೀದಿಯವನೇ ಅಲ್ಲವೆಂಬುದೂ ನೆನಪಾಗದೆ.

ಭಾನುವಾರ ಸಂಜೆ ಬಸ್ಸು ಹತ್ತುವಾಗ ಅವನ ಮುಖ ಬಾಡಿ, ಕಣ್ಣು ಗುಳಿಬಿದ್ದು, ಹೊಟ್ಟೆ ನಾಲ್ಕು ಬೆರಳು ಇಳಿದಿತ್ತು. ಆದರೂ ನಮ್ಮೆಲ್ಲರ ಚೀಲಗಳನ್ನು ಮೇಲೆತ್ತಿ ಕೊಟ್ಟ.

ವಿತೊರಿನ್ ಅಜ್ಜಿ ಕಿಟಕಿಯ ಪಕ್ಕ ಕೂತು ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲನೆ ಹೇಳಿದರು:

"ನೋಡಿದ್ರಾ ಮೇಷ್ಟ್ರೇ? ಒಂದು ಸಲ ಸತ್ತು ಬಂದ ಮೇಲೆ ಮನುಷ್ಯ ಎಷ್ಟು ಒಳ್ಳೆಯವನಾಗ್ತಾನೆ!"